ಬಾಂದಗಲ್ಲಿಗೆ ಕೈ ಮುಗಿದ ಸರ್ವೇಯರ್

ನಾನು ನಿವೃತ್ತಳಾದ ದಿನ ಕಲಘಟಗಿಯ ಕಚೇರಿಯಲ್ಲಿ ನನಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು ಮತ್ತು ಒಂದು ಗೋಡೆ ಗಡಿಯಾರ ಕೊಟ್ಟರು. ಮೂವತ್ತೈದು ವರ್ಷ ಹೊತ್ತಿನ ಪರಿವೆ ಇಲ್ಲದೆ ಕಂಡವರ ಹೊಲ ಅಳೆದವಳಿಗೆ, ಇನ್ನು ಮನೆಯಲ್ಲಿ ಕೂತು ಹೊತ್ತು ನೋಡು ಎಂದ ಹಾಗಾಯಿತು. ಭಾಷಣಗಳೂ ಆದವು. ನನ್ನ ಜೊತೆ ಎರಡು ವರ್ಷದಲ್ಲಿ ನಾಲ್ಕು ಮಾತು ಆಡದ ಒಬ್ಬರು, 'ಗಿರಿಜಾ ಮೇಡಂ ನಮ್ಮ ಕಚೇರಿಯ ತಾಯಿಯಿದ್ದಂತೆ' ಎಂದರು. ತಾಯಿಯ ಜೊತೆಗೂ ಅಷ್ಟೇ ಮಾತಾಡುತ್ತಾರೇನೋ ಎಂದುಕೊಂಡೆ.

ಊಟವಾಗಿ ಕೈ ತೊಳೆಯುವಾಗ ರೇಣುಕಾ ಬಂದು ಪಕ್ಕದಲ್ಲಿ ನಿಂತಳು. ಹತ್ತಿರದ ತಂಬೂರು ಎಂಬ ಹಳ್ಳಿಯ ಹುಡುಗಿ, ಸರ್ವೇಯರ್ ಆಗಿ ಸೇರಿ ಮೂರು ತಿಂಗಳಾಗಿತ್ತು. ಆಚೀಚೆ ನೋಡಿ ಮೆಲ್ಲಗೆ ಕೇಳಿದಳು.

"ಮೇಡಂ, ಒಂದ್ ಮಾತ್ ಕೇಳ್ಲೇನ್ರಿ? ಇಲ್ಲಿ ಮುಂದ ಬರಬೇಕಂದ್ರ ಯಾರ ಹಿಂದ ಇರಬೇಕ್ರಿ?"

ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಇದೇ ಪ್ರಶ್ನೆಯನ್ನು ನಾನೂ ಅವಳ ವಯಸ್ಸಿನಲ್ಲಿ ಕೇಳಿದ್ದೆ. ಸಿಕ್ಕ ಉತ್ತರವನ್ನು ಡೈರಿಯಲ್ಲಿ ಬರೆದುಕೊಂಡು, ಅದರ ಪ್ರಕಾರ ನಡೆದು, ನೌಕರಿ ಕಳೆದುಕೊಳ್ಳುವ ಮಟ್ಟಕ್ಕೆ ಬಂದಿದ್ದೆ. ಇದನ್ನೆಲ್ಲ ಕೈ ತೊಳೆಯುವ ನಲ್ಲಿಯ ಹತ್ತಿರ ಹೇಳಲಾಗುವುದಿಲ್ಲ. ಬರೆದು ಕೊಡುತ್ತೇನೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ನನ್ನ ಅಪ್ಪ ಸರ್ಕಾರಿ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ನನಗೆ ಸರ್ವೇಯರ್ ಕೆಲಸ ಸಿಕ್ಕಿತು. ಮನೆಯಲ್ಲಿ ಅವ್ವ, ಶಾಲೆ ಕಲಿಯುವ ಇಬ್ಬರು ತಮ್ಮಂದಿರು. ಎರಡು ವರ್ಷ ಪ್ರೊಬೇಷನ್. ಅದು ಮುಗಿದಾಗ ಮೇಲಿನವರು 'ತೃಪ್ತಿಕರ' ಎಂದು ಬರೆದರೆ ನೌಕರಿ ಕಾಯಂ, ಬರೆಯದಿದ್ದರೆ ಮನೆಗೆ. ಆ ಒಂದು ಶಬ್ದದ ಮೇಲೆ ನಾಲ್ಕು ಜನರ ಅನ್ನ ನಿಂತಿತ್ತು. ಅವ್ವ ಅದಕ್ಕಾಗಿ ಸೋಮವಾರ ಹಿಡಿದಿದ್ದಳು. ನಾನು ಸಾಹೇಬರನ್ನು ಹಿಡಿದೆ.

ಆ ಕಚೇರಿಯ ಹೆಸರು ಹೇಳುವುದಿಲ್ಲ. ಇದೇ ಜಿಲ್ಲೆಯ ಎರೆ ಸೀಮೆಯದು, ಕಪ್ಪು ಮಣ್ಣಿನ ಕಡೆಯದು ಎಂದರೆ ಸಾಕು. ಅಲ್ಲಿ ಹನ್ನೊಂದು ಮಂದಿ ಇದ್ದೆವು, ಅದರಲ್ಲಿ ಒಂಬತ್ತು ಮಂದಿಗೆ ಗುರುಗಳಿದ್ದರು. ಗುರು ಎಂದರೆ ಕಲಿಸುವವರಲ್ಲ, ಮೇಲೆ ಹೋಗಿ ನಮ್ಮ ಪರವಾಗಿ ಒಂದು ಮಾತು ಹಾಕುವವರು. ನಾನು ಸೇರಿದ ವಾರವೇ ಹಿರಿಯ ಸರ್ವೇಯರ್ ಒಬ್ಬರು ಕರೆದು ಎರಡು ಉಪದೇಶ ಮಾಡಿದರು. ಒಂದು, ಸಾಹೇಬರ ಜೊತೆ ಸಂಬಂಧ ಬೆಳೆಸಿಕೋ. ಎರಡು, ಏನಾದರೂ ತಪ್ಪಾದರೆ ಬಾಂದು ಜವಾನನ ಮೇಲೆ ಹಾಕು.

ಬಾಂದು ಜವಾನ ಎಂದರೆ ನಮ್ಮ ಜೊತೆ ಹೊಲಕ್ಕೆ ಬಂದು, ಗಡಿಯ ಕಲ್ಲು ಎಲ್ಲಿದೆ ಎಂದು ತೋರಿಸಿ, ಸರಪಳಿ ಹಿಡಿಯುವವನು. ಎರಡನೆಯ ಉಪದೇಶ ಪಾಲಿಸಲು ಕಷ್ಟವೇನೂ ಇರಲಿಲ್ಲ. ಅಳತೆ ಮುಗಿದ ಮೇಲೆ ಬರೆಯುವ ಪಂಚನಾಮೆಯಲ್ಲಿ 'ಬಾಂದು ಜವಾನನು ತೋರಿಸಿದ ಕಲ್ಲಿನಿಂದ' ಎಂಬ ಸಾಲನ್ನು ನಾವೆಲ್ಲ ಕಣ್ಣು ಮುಚ್ಚಿ ಬರೆಯುತ್ತಿದ್ದೆವು. ಕಲ್ಲನ್ನು ಯಾರೇ ತೋರಿಸಿರಲಿ, ಕಾಗದದಲ್ಲಿ ತೋರಿಸಿದವನು ಅವನೇ.

ನಮ್ಮ ಸಾಹೇಬರು ಕೆಟ್ಟವರಲ್ಲ. ತುಂಬಿದ ಮೈ, ನಗುಮುಖ, ಎಲ್ಲರಿಗೂ ತಮ್ಮಾ, ತಂಗಿ ಎನ್ನುವ ರೂಢಿ. ಹೊಲಕ್ಕೆ ಬಂದರೆ ಜೀಪಿನಿಂದ ಇಳಿಯುತ್ತಿರಲಿಲ್ಲ. ಇದ್ದ ಒಂದೇ ಬೇವಿನ ಗಿಡದ ನೆರಳಲ್ಲಿ ಜೀಪು ನಿಲ್ಲಿಸಿ, ಒಳಗಿನಿಂದಲೇ "ಎಲ್ಲಾ ಬರೋಬ್ಬರಿ ಐತೇನು?" ಎಂದು ಕೂಗುತ್ತಿದ್ದರು. ನಾವು ಬರೋಬ್ಬರಿ ಐತ್ರಿ ಎನ್ನುತ್ತಿದ್ದೆವು. ಅದಕ್ಕೆ ತಪಾಸಣೆ ಎಂದು ಹೆಸರು. ನನ್ನ ಅವ್ವ ಮಾಡುವ ಶೇಂಗಾ ಹೋಳಿಗೆ ಅವರಿಗೆ ಬಹಳ ಸೇರುತ್ತಿತ್ತು. ಅದು ಗೊತ್ತಾದ ಮೇಲೆ ಬುಧವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ತಪ್ಪಲಿಲ್ಲ. ತಮ್ಮಂದಿರಿಗೆ ಮುರಿದ ಹೋಳಿಗೆ, ಸಾಹೇಬರಿಗೆ ದುಂಡನೆಯದು. "ಕೆಲಸ ಎಲ್ಲಾರೂ ಮಾಡ್ತಾರ ತಂಗಿ, ಮಾಡಿದ್ದು ಮ್ಯಾಲಿನವರ ಕಣ್ಣಿಗೆ ಬೀಳಬೇಕು," ಎಂದು ಅವರು ಹೋಳಿಗೆ ತಿನ್ನುತ್ತ ಹೇಳಿದ್ದನ್ನು ನಾನು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಸಾಹೇಬರ ಕೆಳಗೆ ಅಂಗಡಿ ಸರ್ ಇದ್ದರು. ನಾವು ಅಳೆದದ್ದನ್ನು ಪರೀಕ್ಷಿಸುವ ತಪಾಸಕರು. ಸಣಕಲು ಮೈ, ಕಿಸೆಯಲ್ಲಿ ಕೆಂಪು ಮಸಿಯ ಪೆನ್ನು. ನಾನು ಕೊಟ್ಟ ನಕ್ಷೆ ಅವರ ಕೈಯಿಂದ ತಿರುಗಿ ಬಂದಾಗ ಗೋವರದ ಕೆಂಪು ಗುಳ್ಳೆ ಎದ್ದ ಕೂಸಿನ ಹಾಗೆ ಕಾಣುತ್ತಿತ್ತು. ಅಂಚಿನಲ್ಲಿ ಒಂದೇ ಶಬ್ದ ಬರೆಯುತ್ತಿದ್ದರು, 'ಯಾಕೆ?' ಎಂದು. ಈ ಗೆರೆ ಹೀಗೆ ಯಾಕೆ, ಈ ಲೆಕ್ಕ ಇಲ್ಲಿ ಯಾಕೆ ಎಂದು ವಿವರಿಸುತ್ತಿರಲಿಲ್ಲ. ಬರೀ 'ಯಾಕೆ?' ನಾನು ಅವರನ್ನು ಕಂಡರೆ ರೆಕಾರ್ಡ್ ಕೋಣೆಯೊಳಗೆ ಹೊಕ್ಕು ಹಳೆಯ ಕಾಗದದ ಧೂಳು ಕುಡಿಯುತ್ತಿದ್ದೆ. ಇವರು ನನ್ನನ್ನು ಮನೆಗೆ ಕಳಿಸಲೆಂದೇ ಹುಟ್ಟಿದವರು ಎಂದು ನನಗೆ ಖಾತ್ರಿಯಾಗಿತ್ತು.

ದಸರೆಯ ದಿನ ಬನ್ನಿ ಕೊಡುವುದು ನಮ್ಮ ಕಡೆ ದೊಡ್ಡ ಕಾರ್ಯಕ್ರಮ. ನೌಕರಿಯವರ ಬನ್ನಿಗೆ ಅದರದೇ ಲೆಕ್ಕಾಚಾರ ಇರುತ್ತದೆ. ಯಾರ ಮನೆಗೆ ಮೊದಲು ಹೋದೆವು, ಯಾರ ಕಾಲಿಗೆ ಎಷ್ಟು ಬಗ್ಗಿದೆವು ಎಂಬುದು ಮರುದಿನ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ನಾನು ಮೊದಲ ವರ್ಷ ಸಾಹೇಬರ ಮನೆಯ ಮುಂದೆ ಎಲ್ಲರಿಗಿಂತ ಮೊದಲು ನಿಂತು, ಬನ್ನಿ ಕೊಟ್ಟು, ಬಂಗಾರದಂಗ ಇರೂಣ್ರಿ ಎಂದು ಬಗ್ಗಿ ಬಂದೆ. ಅಂಗಡಿ ಸರ್ ಮನೆಯ ಓಣಿಯನ್ನು ಬಿಟ್ಟು ಸುತ್ತು ಹಾಕಿ ಮನೆಗೆ ಬಂದರೆ, ಕಟ್ಟೆಯ ಮೇಲೆ ಒಬ್ಬರು ಕೂತಿದ್ದರು. ನಮ್ಮ ಬಾಂದು ಜವಾನ ಫಕ್ಕೀರಪ್ಪ. ನಾನೇ ಹೋಗಿ ಕೊಡಬೇಕಾದ ಹಿರಿಯರು ತಾವೇ ನಡೆದು ಬಂದು ನನಗೆ ಬನ್ನಿ ಕೊಟ್ಟರು. ನನಗೆ ನಾಚಿಕೆಯಾಗಬೇಕಿತ್ತು. ಕಾಲಿಗೆ ಬಗ್ಗಿ ಬೆನ್ನು ನೋಯುತ್ತಿತ್ತು, ನಾಚಿಕೆಗೆ ಜಾಗ ಇರಲಿಲ್ಲ.

ಫಕ್ಕೀರಪ್ಪ ಕಾಕಾ ಅಣ್ಣಿಗೇರಿಯವರು. ಉದ್ದನೆಯ ಆಳು, ಧೋತರ, ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಕಬ್ಬಿಣದ ಹಾರಿ. ಎರೆ ಮಣ್ಣಿನಲ್ಲಿ ಹೂತ ಕಲ್ಲು ಹೂತಲ್ಲಿ ಇರುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಹೀಗೆ ಆಡಿ ಆಡಿ ಕಲ್ಲು ವರ್ಷಕ್ಕಿಷ್ಟು ಒಳಗೆ ಇಳಿಯುತ್ತದೆ. ಅಜ್ಜಂದಿರ ಕಾಲದ ಬಾಂದಗಲ್ಲು ಎಷ್ಟೋ ಕಡೆ ಒಂದೂವರೆ ಮೊಳ ಕೆಳಗಿರುತ್ತದೆ. ಕಾಕಾ ಹೊಲದ ಮೂಲೆಯಲ್ಲಿ ನಿಂತು, ಸುತ್ತ ನೋಡಿ, ನಾಲ್ಕು ಹೆಜ್ಜೆ ಇಟ್ಟು ಹಾರಿ ಇಳಿಸಿದರೆ ಠಣ್ ಎನ್ನುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ, "ಹಾರಿಗೆ ಗೊತ್ತೈತ್ರಿ ಬಾಯಾರ, ನಾ ಬರೇ ಹಿಡಕೊಂಡಿರ್ತೀನಿ," ಎನ್ನುತ್ತಿದ್ದರು.

ಮೊದಲ ತಿಂಗಳು ಇನ್ನೊಬ್ಬ ಸರಪಳಿಯವನು ರಜೆ ಹಾಕಿದ್ದಾಗ ಕಾಕಾ ಸರಪಳಿಯ ಮುಂದಿನ ತುದಿಯನ್ನು ನನ್ನ ಕೈಗೆ ಕೊಟ್ಟು ನಡೆಯಿರಿ ಎಂದರು. ಮೂವತ್ತಮೂರು ಅಡಿಯ ಸರಪಳಿ, ಎರೆ ಮಣ್ಣು ಮೆತ್ತಿ ನನ್ನ ಚಪ್ಪಲಿ ಒಂದೊಂದು ಎರಡು ಸೇರು ತೂಗುತ್ತಿತ್ತು. ನೇರ ಹೋಗುತ್ತಿದ್ದೇನೆ ಎಂದುಕೊಂಡು ಸೀರೆ ಎತ್ತಿ ನಡೆದೆ. ಹಿಂದಿನಿಂದ ಕೂಗು ಬಂತು. "ಬಲಕ್ಕ ಸರೀರಿ ಬಾಯಾರ. ಇನ್ನೊಂದೀಟು. ಆತ್ರಿ, ಈಗ ಹೊಡೀರಿ ಗೂಟ." ತಿರುಗಿ ನೋಡಿದರೆ ನಾನು ಬಂದ ದಾರಿ ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟಗಿತ್ತು.

"ಮುಂದ ಹೋಗವರಿಗೆ ತಾವು ನೆಟ್ಟಗ ಹೊಂಟೀವಿ ಅಂತ ಅನಸ್ತದರಿ," ಎಂದರು ಕಾಕಾ. "ಹಿಂದ ಕಲ್ಲಿನ ಬಾಜು ನಿಂತವಗ ಕಾಣತೈತಿ. ನಿಂತವ ಬಾಯಿ ಮಾಡಬೇಕು, ಹೋಗವರು ಕೇಳಬೇಕು. ಅಷ್ಟಽ ಕೆಲಸ."

ಸರಪಳಿ ಎಳೆಯುವುದು ಸರ್ವೇಯರ್ ಕೆಲಸವಲ್ಲ, ನಿನ್ನ ಮರ್ಯಾದೆ ಹೋಗುತ್ತದೆ ಎಂದು ಹಿರಿಯ ಸರ್ವೇಯರ್ ಬುದ್ಧಿ ಹೇಳಿದರು. ನನಗೂ ಹೌದೆನ್ನಿಸಿತು. ಆಮೇಲೆ ಕಾಕಾ ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳತೊಡಗಿದೆ. ಡೈರಿಯಲ್ಲಂತೂ ಅವರ ಒಂದು ಮಾತನ್ನೂ ಬರೆಯಲಿಲ್ಲ.

ಪ್ರೊಬೇಷನ್ ಮುಗಿಯಲು ಇನ್ನೂ ನಾಲ್ಕೈದು ತಿಂಗಳಿತ್ತು. ಶಿವರಾತ್ರಿಯ ಹೊತ್ತು, ಕಡಲೆ ಕಿತ್ತು ಹೊಲಗಳೆಲ್ಲ ಖಾಲಿ. ಮಲ್ಲೇಶಪ್ಪ ಎಂಬ ರೈತರು ತಮ್ಮ ಹೊಲದ ಹದ್ದಬಸ್ತಿಗೆ, ಅಂದರೆ ಗಡಿ ಗೊತ್ತು ಮಾಡಿ ಕೊಡಲು, ಅರ್ಜಿ ಹಾಕಿದ್ದರು. ಬಾಜೂ ಹೊಲ ಯಲ್ಲಪ್ಪನದು. ನಾನು, ಕಾಕಾ ಹೋದೆವು. ಆ ದಿನ ಸಾಹೇಬರೂ ಬಂದು ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿದ್ದರು. ಬಂದವರೇ, "ತಂಗಿ, ಲಗೂನ ಮುಗಸು, ಹೋಗೂಮುಂದ ನಿನ್ನ ರಿಪೋರ್ಟಿನ ವಿಷಯ ಮಾತಾಡೂಣು," ಎಂದುಬಿಟ್ಟರು. ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಹೊಲ ಕಾಣಲಿಲ್ಲ, ಜೀಪು ಕಂಡಿತು.

ಹೊಲದ ಮೂಲೆಯಲ್ಲಿ ಒಡ್ಡಿನ ಹತ್ತಿರ ಒಂದು ಕಲ್ಲು ಇತ್ತು. ಮೊಣಕಾಲೆತ್ತರದ್ದು, ಗಟ್ಟಿಮುಟ್ಟಾದದ್ದು. ಸುಣ್ಣ ಹಚ್ಚಿದ ಗುರುತು, ಮಾಸಿದ ಕುಂಕುಮ. ಇಷ್ಟು ಎದ್ದು ಕಾಣುವ ಕಲ್ಲು ನಮ್ಮ ಸೀಮೆಯಲ್ಲಿ ಸಿಗುವುದೇ ಅಪರೂಪ. ನಾನು ಭಕ್ತಿಯಿಂದ ಕೈ ಮುಗಿದು, ಅದರ ಮೇಲೆ ಸರಪಳಿ ಇಡಲು ಹೇಳಿದೆ.

"ಬಾಯಾರ, ಈ ಕಲ್ಲು ಬ್ಯಾಡ್ರಿ," ಎಂದರು ಕಾಕಾ. "ಒಂದೀಟು ನಿಂದರ್ರಿ, ಹಾರಿ ಹಾಕಿ ನೋಡ್ತೀನಿ."

"ಕಣ್ಣಿಗೆ ಕಾಣೂ ಕಲ್ಲ ಬಿಟ್ಟು ನೆಲಾ ಯಾಕ ಅಗೀತೀರಿ ಕಾಕಾ? ಸಾಹೇಬ್ರು ಕಾಯಾಕತ್ತಾರ."

ಕಾಕಾ ಒಮ್ಮೆ ಜೀಪು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಸರಪಳಿ ಇಟ್ಟರು. ಒಂದು ತಾಸಿನಲ್ಲಿ ಅಳತೆ ಮುಗಿಯಿತು. ಗಡಿ ಹಾಕಿದರೆ ಒಡ್ಡಿನ ಈಚೆ ಹನ್ನೆರಡು ಅಡಿ ಅಗಲದ ಒಂದು ಪಟ್ಟಿ ಮಲ್ಲೇಶಪ್ಪನ ಕಡೆಯಿಂದ ಯಲ್ಲಪ್ಪನ ಕಡೆಗೆ ಹೋಯಿತು. ಜಮೀನು ಕಳೆದುಕೊಂಡ ಮಲ್ಲೇಶಪ್ಪ ಜಗಳ ತೆಗೆಯುತ್ತಾರೆ ಎಂದು ಹೆದರಿದ್ದೆ. ಅವರು ತಕರಾರಿಲ್ಲದೆ ಸಹಿ ಮಾಡಿ, ನನಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಎಂಥ ಸಜ್ಜನರು ಎಂದು ಮೆಚ್ಚಿಕೊಂಡು ಪಂಚನಾಮೆ ಬರೆದೆ. ಬಾಂದು ಜವಾನನು ತೋರಿಸಿದ ಕಲ್ಲಿನಿಂದ ಎಂಬ ಸಾಲೂ ಅದರಲ್ಲಿ ಬಂತು. ಜೀಪಿನಲ್ಲಿ ಸಾಹೇಬರು ದಾರಿಯುದ್ದಕ್ಕೂ ಮಾತಾಡಿದರು. ನನ್ನ ರಿಪೋರ್ಟಿನ ಬಗ್ಗೆ ಅಲ್ಲ, ಶೇಂಗಾ ಹೋಳಿಗೆಗೆ ಬೆಲ್ಲ ಎಲ್ಲಿಯದು ಹಾಕುತ್ತೀರಿ ಎಂದು.

ಎರಡು ತಿಂಗಳಿಗೆ ಸಾಹೇಬರಿಗೆ ವರ್ಗವಾಯಿತು. ವಾರದೊಳಗೆ ಸಾಮಾನು ಕಟ್ಟಿ ಹೋದರು. ಹೋಗುವಾಗ, "ನಿನ್ನ ಬಗ್ಗೆ ಹೊಸಬರಿಗೆ ಹೇಳೀನಿ ತಂಗಿ," ಎಂದರು. ಹೇಳಿದ್ದರು, ಅದೇ ಮುಳುವಾಯಿತು. ಹೊಸ ಸಾಹೇಬರಿಗೂ ಹಳೆಯವರಿಗೂ ಹಾವು ಮುಂಗುಸಿಯ ಸಂಬಂಧ. ಬಂದ ಮೂರನೇ ದಿನ ನನ್ನನ್ನು ಕರೆದು, "ಹೋಳಿಗಿ ಬಾಯಾರು ಅಂದ್ರ ನೀವ ಏನು?" ಎಂದು ಕೇಳಿದರು. ಎರಡು ವರ್ಷ ಬುಧವಾರ ಬುಧವಾರ ಶೇಂಗಾ ಹುರಿದು ನಾನು ಗಳಿಸಿದ್ದು ಈ ಬಿರುದು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಯಲ್ಲಪ್ಪನ ತಕರಾರು ಅರ್ಜಿ ಬಂತು. ಓದಿದ ಗುಮಾಸ್ತರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. 'ನನ್ನದಲ್ಲದ ಭೂಮಿಯನ್ನು ನನಗೆ ಕೊಟ್ಟಿರುತ್ತಾರೆ. ದಯಮಾಡಿ ವಾಪಸು ತೆಗೆದುಕೊಳ್ಳಬೇಕು' ಎಂದು ಬರೆದಿತ್ತು. ಜಮೀನು ಬೇಡ ಎಂದು ಅರ್ಜಿ ಕೊಟ್ಟವರನ್ನು ಆ ಕಚೇರಿ ಕಂಡಿರಲಿಲ್ಲ. ಆಮೇಲೆ ತಿಳಿಯಿತು, ಆ ಪಟ್ಟಿಯ ತುಂಬ ಕರಿಕೆ ಹುಲ್ಲು. ಎರೆ ಹೊಲದಲ್ಲಿ ಕರಿಕೆ ಬೇರು ಬಿಟ್ಟರೆ ಆಳುದ್ದ ಅಗೆದರೂ ಹೋಗುವುದಿಲ್ಲ. ಮಲ್ಲೇಶಪ್ಪ ಅದರ ಜೊತೆ ಇಪ್ಪತ್ತು ವರ್ಷ ಹೋರಾಡಿ ಸೋತಿದ್ದರು. ನಾನು ಒಂದು ತಾಸಿನಲ್ಲಿ ಅದನ್ನು ಯಲ್ಲಪ್ಪನಿಗೆ ದಾಟಿಸಿದ್ದೆ. ಮಜ್ಜಿಗೆ ಯಾಕೆ ಕೊಟ್ಟರು ಎಂದು ಆಗ ಅರ್ಥವಾಯಿತು.

ಹೊಸ ಸಾಹೇಬರು ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ನನಗೆ ತೋರಿಸಿದರು. "ತಪಾಸಕರು ಬಂದು ಮತ್ತ ಅಳೀತಾರ, ನೀವೂ ಇರ್ರಿ. ತಪ್ಪು ನಿಮ್ಮದಂತ ಬಂದ್ರ ನಿಮ್ಮ ಪ್ರೊಬೇಷನ್ ರಿಪೋರ್ಟ್ ನಾ ಬರೀತೀನಿ, ಹೆಂಗ್ ಬರೀಬೇಕೋ ಹಂಗ," ಎಂದರು.

ನಾನು ಕಚೇರಿಯ ಹಿಂದೆ ಕಾಕಾನನ್ನು ಹುಡುಕಿಕೊಂಡು ಹೋದೆ. ಅವರು ಹಾರಿಗೆ ಎಣ್ಣೆ ಸವರುತ್ತ ಕೂತಿದ್ದರು.

"ಕಾಕಾ, ಅದು ಬಾಂದಗಲ್ಲು ಅಲ್ಲೇನ್ರಿ?"

"ನೀವು ಅವತ್ತ ಅದಕ್ಕ ಕೈ ಮುಗದ್ರ್ಯೋ ಇಲ್ಲೋ?"

"ಮುಗದೆ."

"ಬಾಂದಗಲ್ಲಿಗೆ ಯಾರರ ಕೈ ಮುಗೀತಾರೇನ್ರಿ ಬಾಯಾರ? ಬೈತಾರ."

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಬೆಳೆಗೆ ಎಡೆಯ ಚರಗ ಚೆಲ್ಲುವಾಗ ರೈತರು ಹೊಲದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತಾರೆ. ಮಲ್ಲೇಶಪ್ಪನ ಹೊಲದ ನಾಲ್ವರು ಪಾಂಡವರು ಸಣ್ಣವರಾಗಿದ್ದು ಕುಂಟೆಗೆ ಸಿಕ್ಕು ಎಲ್ಲೋ ಉರುಳಿ ಹೋಗಿದ್ದರು. ಭಾರದವನೊಬ್ಬ ಉಳಿದಿದ್ದ. ನಾನು ಆ ಭೀಮಸೇನನ ತಲೆಯ ಮೇಲೆ ಸರ್ಕಾರದ ಸರಪಳಿ ಇಟ್ಟು ಹೊಲ ಅಳೆದಿದ್ದೆ. ಹುಟ್ಟಿದಾಗಿನಿಂದ ಚರಗದ ಊಟ ಉಂಡು ಬೆಳೆದವಳು ನಾನು. ಆ ಕಲ್ಲುಗಳಿಗೆ ಸುಣ್ಣ ಹಚ್ಚಿದ ಕೈ ನನ್ನದೂ ಹೌದು. ಕೈ ಮುಗಿಯುವಾಗ ಮೈಗೆ ಗೊತ್ತಿತ್ತು, ತಲೆ ಮಾತ್ರ ಜೀಪಿನಲ್ಲಿ ಕೂತಿತ್ತು.

ಹಿರಿಯ ಸರ್ವೇಯರ್‌ಗೆ ವಿಷಯ ಗೊತ್ತಾಗಿ ಧೈರ್ಯ ಹೇಳಿದರು. "ಅಂಜಬ್ಯಾಡವಾ. ಪಂಚನಾಮಿದಾಗ ಬರದೀಯಲ್ಲ, ಜವಾನ ತೋರಿಸಿದ ಕಲ್ಲು ಅಂತ. ಅವನ ಮ್ಯಾಲೆ ಹೋಗ್ಲಿ ಬಿಡು." ಆದರೆ ಕಾಕಾನ ಹೆಸರಿನಲ್ಲಿ ಆಗಲೇ ಎರಡು ಮೆಮೊ ಇದ್ದವು. ಎರಡೂ ಬೇರೆ ಸರ್ವೇಯರ್‌ಗಳ ತಪ್ಪಿಗೆ ಬಂದಂಥವು. ಮೂರನೆಯದು ಬಂದರೆ ಅಮಾನತು ಎಂದು ಕಚೇರಿಯಲ್ಲಿ ಎಲ್ಲರಿಗೂ ತಿಳಿದಿತ್ತು. ನನಗೂ ತಿಳಿದಿತ್ತು. ತಿಳಿದೂ ನಾನು ಆ ಮಾತಿಗೆ ಇಲ್ಲ ಎನ್ನಲಿಲ್ಲ, ನೋಡೂಣ್ರಿ ಎಂದೆ.

ಮಳೆ ಬಿಡುವು ಕೊಟ್ಟ ಒಂದು ದಿನ ಮತ್ತೆ ಅಳತೆ ಇಟ್ಟರು. ಊರ ಮಂದಿಯೆಲ್ಲ ಒಡ್ಡಿನ ಮೇಲೆ ಕೂತಿದ್ದರು. ಹೊಸ ಸಾಹೇಬರು ಅದೇ ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿ ಒಳಗೇ ಕೂತರು. ಅಂಗಡಿ ಸರ್ ಮಾತ್ರ ಪ್ಯಾಂಟು ಮಡಚಿ ಹೊಲಕ್ಕೆ ಇಳಿದರು. ಭೀಮಸೇನನನ್ನು ಬೂಟುಗಾಲಲ್ಲಿ ಮೆಲ್ಲಗೆ ನೂಕಿದರು. ಅವನು ಬುಡಸಮೇತ ಅಲುಗಾಡಿದ. ಒಡ್ಡಿನ ಮೇಲೆ ಕೂತಿದ್ದ ಒಬ್ಬ ಮುದುಕಿ ತನ್ನ ಗಲ್ಲ ಗಲ್ಲ ಬಡಿದುಕೊಂಡಳು. ಆಮೇಲೆ ಕಾಕಾ ಐದು ಹೆಜ್ಜೆ ಆಚೆ ಹೋಗಿ ಹಾರಿ ಇಳಿಸಿದರು. ಮೂರನೇ ಸಲಕ್ಕೆ ಠಣ್ ಎಂದಿತು. ಅಗೆದರೆ ಒಂದೂವರೆ ಮೊಳ ಕೆಳಗೆ ನಿಜವಾದ ಬಾಂದಗಲ್ಲು ಕರಿಕೆಯ ಬೇರು ಸುತ್ತಿಕೊಂಡು ನೆಟ್ಟಗೆ ನಿಂತಿತ್ತು.

ಅಂಗಡಿ ಸರ್ ನೋಟ್‌ಬುಕ್ ತೆಗೆದರು.

"ಅವತ್ತು ಆ ಕಲ್ಲು ತೋರಿಸಿದವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು. "ನಾನಽ ರಿ ಸರ. ವಯಸ್ಸಾತು, ಕಣ್ಣು ಮಂಜಾಗ್ಯಾವು."

ನಾನು ಸುಮ್ಮನೆ ನಿಂತೆ.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅವ್ವನಿಗೂ ಹೇಳಿರಲಿಲ್ಲ. ನಾನು ಸುಮ್ಮನೆ ನಿಂತೆ, ಮತ್ತು ಎದೆಯೊಳಗೆ ಸಣ್ಣಗೆ ಹಗುರವೂ ಆಯಿತು. ಅಂಗಡಿ ಸರ್ ಪೆನ್ನಿನ ಮುಚ್ಚಳ ತೆಗೆದು ಕಾಗದಕ್ಕೆ ಹಚ್ಚಿದರು. ಪೆನ್ನು ಬರೆಯಲಿಲ್ಲ. ಝಾಡಿಸಿದರು. ಮತ್ತೆ ಹಚ್ಚಿದರು. ಬರೆಯಲಿಲ್ಲ. ಮತ್ತೆ ಝಾಡಿಸಿದರು. ನನ್ನ ಎಷ್ಟೋ ನಕ್ಷೆಗಳನ್ನು ಕೆಂಪು ಮಾಡಿದ ಪೆನ್ನು ಅದು, ಒಮ್ಮೆಯೂ ಕೈ ಕೊಟ್ಟದ್ದಿಲ್ಲ. ಕಾಕಾನ ಬೋಳು ತಲೆಯ ಮೇಲೆ ಬಿಸಿಲು ಬಿದ್ದಿತ್ತು. ಟೊಪ್ಪಿಗೆ ಇಲ್ಲದ ಅವರ ತಲೆಯನ್ನು ನಾನು ಅದೇ ಮೊದಲು ನೋಡಿದ್ದು. ಪೆನ್ನು ಮೂರನೇ ಸಲ ಕಾಗದಕ್ಕೆ ತಾಗುವ ಮೊದಲು ನನ್ನ ಬಾಯಿಂದ ಮಾತು ಬಂತು.

"ಅವರಲ್ಲ ರಿ ಸರ. ನಾನಽ. ಅವರು ಬ್ಯಾಡಂದಿದ್ರು."

"ಯಾಕೆ?" ಎಂದರು ಅಂಗಡಿ ಸರ್. ಅದೇ ಶಬ್ದ, ಈ ಸಲ ಬಾಯಲ್ಲಿ.

"ಜೀಪಿಗೆ ಹೊತ್ತಾಗತಿತ್ರಿ," ಎಂದೆ. ಬೇರೆ ಕಾರಣ ಇರಲಿಲ್ಲ. ಒಡ್ಡಿನ ಮೇಲಿದ್ದವರು ನಕ್ಕರು. ನನಗೆ ಅಳು ಬಂತು, ಅತ್ತೆ.

"ಫಕ್ಕೀರಪ್ಪಾ, ಟೊಪಿಗಿ ಹಾಕ್ಕೋ," ಎಂದರು ಅಂಗಡಿ ಸರ್. "ಇಷ್ಟು ವರ್ಷದಾಗ ನೀ ನನಗ ಒಮ್ಮೆನೂ ಪಾಂಡವರನ್ನ ಬಾಂದಗಲ್ಲಂತ ತೋರಿಸಿಲ್ಲ, ಇವತ್ತ ಸುಳ್ಳ ಹೇಳಿದ್ರ ನಂಬ್ತೀನೇನು?" ಹಾಗೆ ಹೇಳುತ್ತ ಬರೆಯತೊಡಗಿದರು. ಪೆನ್ನು ಒಮ್ಮೆಗೇ ಬರೆಯಿತು, ಎರಡು ಪುಟ, ಎಲ್ಲೂ ತಡೆಯಲಿಲ್ಲ. ಅದು ಯಾಕೆ ಮೊದಲು ಬರೆಯಲಿಲ್ಲ ಎಂಬುದು ನನಗೆ ಹೊಳೆಯಲು ಕೆಲವು ವರ್ಷ ಹಿಡಿಯಿತು.

ಹೊಸ ಸಾಹೇಬರಿಗೆ ನನ್ನನ್ನು ಮನೆಗೆ ಕಳಿಸುವ ಆಸೆ ಇತ್ತು. ಆದರೆ ಭೂಮಾಪಕರು ಸ್ಥಳದಲ್ಲೇ ತಮ್ಮ ತಪ್ಪನ್ನು ತಾವೇ ಒಪ್ಪಿ ಗಡಿ ಸರಿಪಡಿಸಲು ನೆರವಾಗಿದ್ದಾರೆ ಎಂದು ಅಂಗಡಿ ಸರ್ ಬರೆದದ್ದನ್ನು ದಾಟಿ ಹೋಗಲು ಅವರಿಗೆ ಆಗಲಿಲ್ಲ. ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಅಂಗಡಿ ಸರ್ ನನ್ನನ್ನು ಕರೆದು ಬಾಯಿಮಾತಿನಲ್ಲಿ ಇನ್ನೊಂದು ಆದೇಶ ಕೊಟ್ಟರು. "ಆರು ತಿಂಗಳು ಫಕ್ಕೀರಪ್ಪನ ಕೂಡ ಹೋಗಬೇಕು, ಸರಪಳಿ ನೀವಽ ಎಳೀಬೇಕು. ಅವ ಹೂಂ ಅಂದ ಮ್ಯಾಲೆ ನಾ ಸಹಿ ಮಾಡ್ತೀನಿ." ಸರ್ವೇಯರ್ ಪಾಸಾದಳೋ ಇಲ್ಲವೋ ಎಂದು ಜವಾನ ಹೇಳಬೇಕು ಎಂಬ ಸುದ್ದಿ ಕೇಳಿ ಹಿರಿಯ ಸರ್ವೇಯರ್ ಎರಡು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ.

ಆ ದಿನ ಅಳತೆ ಮುಗಿದು ಬಸ್ಸಿಗೆ ಕಾಯುವಾಗ ಮಲ್ಲೇಶಪ್ಪ ಸಿಕ್ಕಿದ್ದರು. ಕರಿಕೆ ತಿರುಗಿ ಮನೆಗೆ ಬಂದ ದುಃಖದಲ್ಲಿದ್ದರು. "ಬಾಯಾರ, ನೀವು ತಪ್ಪು ಮಾಡಿದ್ದಽ ಚಲೋ ಇತ್ರಿ," ಎಂದು ಹೋದರು. ಮಜ್ಜಿಗೆ ಇರಲಿಲ್ಲ.

ಬಸ್ಸಿನಲ್ಲಿ ಕಾಕಾನನ್ನು ಕೇಳಿದೆ. "ಯಾಕ ಹಂಗ ಹೇಳಿದ್ರಿ ಕಾಕಾ? ನಿಮ್ಮ ನೌಕರಿ ಹೋಗತಿತ್ತಲ್ರಿ."

ಅವರು ಕಿಟಕಿಯ ಹೊರಗೆ ನೋಡುತ್ತ ತಂಬಾಕು ತಿಕ್ಕಿದರು. "ನಿಮ್ಮ ಸಲುವಾಗಿ ಅಲ್ರಿ. ನಿಮ್ಮನ್ನ ಕಳಿಸಿದ್ರ ಹೊಸಬ್ರು ಬರ್ತಾರ. ಮತ್ತ ಮೊದಲಿಂದ ಕಲಿಸಬೇಕು ನಾನು. ನೀವು ಹೆಂಗರ ಅರ್ಧಾ ಕಲತೀರಿ."

ಆ ಆರು ತಿಂಗಳಲ್ಲಿ ನಾನು ಉಳಿದ ಅರ್ಧ ಕಲಿತೆ ಎಂದು ಹೇಳಲಾರೆ. ಕಲ್ಲಿನ ಮೇಲೆ ಎತ್ತಿನ ಕುಂಟೆ ತಾಗಿದ ಗೆರೆ ಹೇಗಿರುತ್ತದೆ, ಒಡ್ಡು ಯಾವ ಕಡೆ ಸರಿದಿದೆ ಎಂದು ಹುಲ್ಲು ನೋಡಿ ಹೇಗೆ ಹೇಳಬೇಕು, ಜಗಳ ಮಾಡುವ ಅಣ್ಣತಮ್ಮಂದಿರಲ್ಲಿ ಯಾರ ಮನೆಯ ನೀರು ಮೊದಲು ಕುಡಿಯಬೇಕು, ಇವನ್ನು ಕಲಿತೆ. ಅಂಗಡಿ ಸರ್ ಬರೆದ 'ಯಾಕೆ?'ಗಳಿಗೆ ಒಂದೊಂದಾಗಿ ಉತ್ತರ ಬರೆದು ಕೊಡತೊಡಗಿದೆ. ಅವರು ಅದರ ಅಂಚಿನಲ್ಲಿ ಮತ್ತೆ 'ಯಾಕೆ?' ಬರೆದರು. ಆರನೇ ತಿಂಗಳು ಕಾಕಾ ಹೂಂ ಎಂದರು, ಸರ್ ಸಹಿ ಮಾಡಿದರು. ಮರು ದಸರೆಗೆ ನಾನು ಮೊದಲು ಅಂಗಡಿ ಸರ್ ಮನೆಗೆ ಬನ್ನಿ ಒಯ್ದೆ. ಅವರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ವರ್ಷ ಓಣಿ ತಪ್ಪಿತ್ತೇನು ಎಂದು ಕೇಳಿ, ಪೆನ್ನು ಇರುವ ಕಿಸೆಯಲ್ಲಿ ಇಟ್ಟುಕೊಂಡರು. ಹಳೆಯ ಸಾಹೇಬರು ಬಹಳ ವರ್ಷದ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದ್ದರು. ನನ್ನ ಗುರುತು ಹತ್ತಲಿಲ್ಲ. ಹೋಳಿಗೆ ಅಂದ ಕೂಡಲೇ ಹತ್ತಿತು.

ಆಮೇಲೆ ಸರಪಳಿ ಹೋಗಿ ಟೇಪು ಬಂತು, ಟೇಪು ಹೋಗಿ ಮೂರು ಕಾಲಿನ ಯಂತ್ರ ಬಂತು, ಈಗ ಉಪಗ್ರಹದಿಂದ ಅಳತೆ ಹೇಳುವ ರೋವರ್ ಬಂದಿದೆ. ಬಡ್ತಿಗಳೂ ಬಂದವು. ಅವು ಬಂದ ತಾರೀಖುಗಳು ನನಗೆ ನೆನಪಿಲ್ಲ.

ಹೋದ ತಿಂಗಳು ಇದನ್ನೆಲ್ಲ ಬರೆಯಲು ಕೂತಾಗ, ಬರೆಯುವುದಕ್ಕಿಂತ ಕರೆದುಕೊಂಡು ಹೋಗುವುದು ಸುಲಭ ಎನ್ನಿಸಿ ರೇಣುಕಾಳನ್ನು ಅಣ್ಣಿಗೇರಿಗೆ ಕರೆದುಕೊಂಡು ಹೋದೆ. ಕಾಕಾಗೆ ಎಂಬತ್ತು ದಾಟಿದೆ. ಕಣ್ಣು ಈಗ ನಿಜವಾಗಿಯೂ ಮಂಜಾಗಿವೆ. ರೇಣುಕಾ ರೋವರ್ ಬಗ್ಗೆ ಉತ್ಸಾಹದಿಂದ ಹೇಳಿದಳು. ಕೋಲಿನ ಹಾಗೆ ಇರುತ್ತದೆ, ಹೊಲದಲ್ಲಿ ನಿಲ್ಲಿಸಿದರೆ ಸಾಕು, ಮೇಲಿನಿಂದ ಗೊತ್ತಾಗುತ್ತದೆ ಎಂದಳು. ಕಾಕಾ ಪೂರ್ತಿ ಕೇಳಿ, "ಅದಕ್ಕ ಪಾಂಡವರ ಗುರ್ತು ಹತ್ತತೈತೇನವಾ?" ಎಂದರು.

ಅವಳು ನನ್ನ ಮುಖ ನೋಡಿದಳು. ನಾನು ನಕ್ಕೆ.

ಕಾಕಾ ಮೊಮ್ಮಗಳಿಂದ ಒಂದು ಹಗ್ಗ ತರಿಸಿದರು. ಮನೆಯ ಹಿಂದಿನ ಬಯಲಲ್ಲಿ, ತುದಿಯನ್ನು ರೇಣುಕಾಳ ಕೈಗೆ ಕೊಟ್ಟು, ದೂರದ ಬೇವಿನ ಗಿಡ ತೋರಿಸಿ, ನೆಟ್ಟಗೆ ಹೋಗು ಎಂದರು. ಅವಳು ತುಸು ನಾಚುತ್ತ ಹೊರಟಳು. ಕಾಕಾ ಕಟ್ಟೆಯ ಮೇಲೆ ಕೂತು ನನಗೆ ಹೇಳಿದರು.

"ನನಗ ಕಾಣಂಗಿಲ್ರಿ ಬಾಯಾರ. ಹಿಂದ ನೀವು ನಿಂದರ್ರಿ."

ನಾನು ಹಗ್ಗದ ಈ ತುದಿ ಹಿಡಿದು ನಿಂತೆ. ಈ ಜಾಗದಲ್ಲಿ ನಾನು ಎಂದೂ ನಿಂತಿರಲಿಲ್ಲ. ಹುಡುಗಿ ಹಿಂದೆ ನೋಡದೆ ಧೈರ್ಯವಾಗಿ ನಡೆಯುತ್ತಿದ್ದಳು. ನೋಡುತ್ತ ನೋಡುತ್ತ ನನಗೆ ಆ ಹೊಲ, ಆ ಬಿಸಿಲು, ಟೊಪ್ಪಿಗೆ ಇಲ್ಲದ ಆ ತಲೆ ನೆನಪಾದವು.

"ನೆಟ್ಟಗ ಹೊಂಟಾಳೇನ್ರಿ?" ಕಾಕಾ ಕೇಳಿದರು.

"ಇಲ್ಲ ಕಾಕಾ. ಎಡಕ್ಕ ಹೊಂಟಾಳ."

"ಮತ್ತ ಹೇಳ್ರಿ. ಸುಮ್ಮನ ನಿಂತ್ರ ಹೆಂಗ?"

"ರೇಣುಕಾ," ಎಂದು ಕೂಗಿದೆ. "ಬಲಕ್ಕ ಸರಿಯವಾ. ಇನ್ನೊಂದೀಟು."

ಅವಳು ಸರಿದಳು.